ಬ್ಯಾಕಪ್ ನಿಂತು 19 ದಿನ: ಟಿಎಲ್‌ಎಸ್ ತೆಗೆದುಬಿಡಬಹುದೇ?

ಪ್ರಶ್ನೆ: ಸರ್, ಮಂಡ್ಯದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತೇನೆ. ವಿಭಾಗ ಎಂದರೆ ನಾನೊಬ್ಬನೇ. ಬ್ಯಾಕಪ್‌ಗೆ ಬಾಕ್ಯುಲಾ ಎಂಬ ತಂತ್ರಾಂಶ ಬಳಸುತ್ತೇವೆ. ಅದರ ಡೈರೆಕ್ಟರ್ (ಉಳಿದವಕ್ಕೆ ಕೆಲಸ ಹೇಳುವ ಭಾಗ) ಒಂದು ಯಂತ್ರದಲ್ಲಿ, ಡಿಸ್ಕ್‌ಗಳಿರುವ ಸ್ಟೋರೇಜ್ ಇನ್ನೊಂದು ಯಂತ್ರದಲ್ಲಿ. ಎರಡೂ ನಮ್ಮ ಮೈಸೂರಿನ ಶಾಖೆಯಲ್ಲಿವೆ. ಮಂಡ್ಯದಲ್ಲಿ ಲೆಕ್ಕಪತ್ರದ ಲಿನಕ್ಸ್ ಯಂತ್ರ ಮತ್ತು ಲ್ಯಾಬಿನ ವಿಂಡೋಸ್ ಯಂತ್ರ, ಮದ್ದೂರಿನ ಸ್ಯಾಂಪಲ್ ಸಂಗ್ರಹ ಕೇಂದ್ರದಲ್ಲಿ ಒಂದು ವಿಂಡೋಸ್ ಯಂತ್ರ ಇವೆ. ಮೂರು ಊರುಗಳ ನಡುವೆ ವಿಪಿಎನ್ (ಇಂಟರ್ನೆಟ್ಟಿನ ಮೇಲೆ ನಮ್ಮದೇ ಗುಪ್ತ ದಾರಿ) ಇದೆ. ಮಿಂಚು ಬಡಿದು ಸ್ಟೋರೇಜ್ ಯಂತ್ರ ಸುಟ್ಟುಹೋಯಿತು. ಯಂತ್ರ ಕೊಟ್ಟವರು ಹೊಸದೊಂದನ್ನು ತಂದು, ಹಳೆಯ ಡಿಸ್ಕ್ ಜೋಡಿಸಿ, ಹಳೆಯ ಫೈಲುಗಳನ್ನೆಲ್ಲ ಕಾಪಿ ಮಾಡಿ, ಯಂತ್ರಕ್ಕೆ ಹೊಸ ಹೆಸರು ಕೊಟ್ಟು ಹೋದರು. ಆಗ ಡೈರೆಕ್ಟರ್‌ನಲ್ಲೂ ಟಿಎಲ್‌ಎಸ್ (ಯಂತ್ರಗಳ ನಡುವಿನ ಮಾತನ್ನು ಗುಪ್ತವಾಗಿಟ್ಟು, ಎದುರಿನ ಯಂತ್ರದ ಗುರುತು ನೋಡುವ ವ್ಯವಸ್ಥೆ) ದೋಷ ಬಂದಿತ್ತು. ಅವರ ಹುಡುಗ 'ಅಲೋಡ್ ಸಿಎನ್' ಎಂಬ ಒಂದು ಸಾಲು ಸೇರಿಸಿದ ಮೇಲೆ ಅದು ಹೋಯಿತು. ಆದರೆ ಅಂದಿನಿಂದ 19 ದಿನವಾಯಿತು, ಲ್ಯಾಬ್ ಮತ್ತು ಮದ್ದೂರಿನ ಬ್ಯಾಕಪ್ 'ಟಿಎಲ್‌ಎಸ್ ನೆಗೋಷಿಯೇಷನ್ ಫೇಲ್ಡ್' ಎಂದು ಬಿದ್ದುಹೋಗುತ್ತಿದೆ. ವಿಚಿತ್ರವೆಂದರೆ ಲ್ಯಾಬ್ ಯಂತ್ರದ 'ಸ್ಟೇಟಸ್' ಕೇಳಿದರೆ ಸರಿಯಾಗಿ ಬರುತ್ತದೆ. ಜಾಬ್ (ಬ್ಯಾಕಪ್ ಕೆಲಸ) ಮಾತ್ರ ಬೀಳುತ್ತದೆ. ಮದ್ದೂರಿನಿಂದ ಸ್ಟೇಟಸ್ ಕೂಡ ಬರುವುದಿಲ್ಲ. ಲೆಕ್ಕಪತ್ರದ ಯಂತ್ರವನ್ನು ಯಾರೂ ಮುಟ್ಟಿಲ್ಲ, ಅದು ಮೊದಲಿನಂತೆಯೇ ನಡೆಯುತ್ತಿದೆ. ಪಿಂಗ್ ಎಲ್ಲ ಕಡೆಗೂ ಹೋಗುತ್ತದೆ. ಫೈರ್‌ವಾಲ್ ಆರಿಸಿದೆ, ಆ್ಯಂಟಿವೈರಸ್ ತೆಗೆದೆ, ಲ್ಯಾಬ್ ಯಂತ್ರದಲ್ಲಿ ಬಾಕ್ಯುಲಾವನ್ನು ಎರಡು ಸಲ ಮತ್ತೆ ಇನ್‌ಸ್ಟಾಲ್ ಮಾಡಿದೆ. "ವಿಪಿಎನ್ ಇದೆಯಲ್ಲ, ಟಿಎಲ್‌ಎಸ್ ತೆಗೆದುಬಿಡಿ, ಐದು ನಿಮಿಷದ ಕೆಲಸ" ಎನ್ನುತ್ತಾರೆ ಯಂತ್ರ ಕೊಟ್ಟವರು. ಆಡಳಿತಾಧಿಕಾರಿಗಳೂ ಅದನ್ನೇ ಮಾಡಿ ಎನ್ನುತ್ತಿದ್ದಾರೆ. ತೆಗೆಯಬಹುದೇ? ಒಂದು ಯಂತ್ರ ಮಾತ್ರ ಹೇಗೆ ಸರಿಯಾಗಿದೆ? ಹಳೆಯ ಬ್ಯಾಕಪ್‌ಗಳು ಹೋದಂತೆಯೇ? ಮದ್ದೂರಿನವರು ಹೇಗೂ ತಲೆ ತಿನ್ನುತ್ತಿದ್ದಾರೆ, ಅಲ್ಲಿ ರಿಪೋರ್ಟಿನ ಮೇಲೆ ತಾರೀಖು ತಪ್ಪಾಗಿ ಮುದ್ರಣವಾಗಿ ದಿನವೂ ಪೆನ್ನಿನಲ್ಲಿ ತಿದ್ದುತ್ತಿದ್ದಾರಂತೆ. ಅದನ್ನೂ ನೋಡಬೇಕು.

ಉತ್ತರ:

ನಿಮ್ಮ ಪತ್ರದ ಕೊನೆಯ ವಾಕ್ಯಕ್ಕೆ ಆಮೇಲೆ ಬರುತ್ತೇನೆ. ಅದರಲ್ಲಿ ಅರ್ಧ ಉತ್ತರವಿದೆ.

ಮೊದಲು ಇವತ್ತಿನ ಕೆಲಸ. ಲ್ಯಾಬ್ ಯಂತ್ರಕ್ಕೆ 19 ದಿನಗಳಿಂದ ಪ್ರತಿ ಇಲ್ಲ. ಬಾಕ್ಯುಲಾ ಸರಿಯಾಗುವವರೆಗೆ ಕಾಯಬೇಡಿ. ಒಂದು ಯುಎಸ್‌ಬಿ ಡಿಸ್ಕ್ ತಂದು, ಲ್ಯಾಬ್ ತಂತ್ರಾಂಶದ ಡೇಟಾಬೇಸನ್ನು ಅದರದೇ ಎಕ್ಸ್‌ಪೋರ್ಟ್ ಸೌಲಭ್ಯದಿಂದ ಹೊರತೆಗೆದು ಡಿಸ್ಕಿಗೆ ಹಾಕಿ. ಕೆಲಸ ಮುಗಿದ ಕೂಡಲೇ ಡಿಸ್ಕನ್ನು ಕಳಚಿ ಬೀರುವಿನಲ್ಲಿಟ್ಟು ಬೀಗ ಹಾಕಿ. ಯಂತ್ರಕ್ಕೆ ಸಿಕ್ಕಿಸಿಯೇ ಬಿಟ್ಟ ಡಿಸ್ಕ್ ಬ್ಯಾಕಪ್ ಅಲ್ಲ. ರ‍್ಯಾನ್ಸಮ್‌ವೇರ್ ಬಂದರೆ ಎರಡನ್ನೂ ಒಟ್ಟಿಗೆ ನುಂಗುತ್ತದೆ. ಮದ್ದೂರಿಗೂ ಹೀಗೆಯೇ ಮಾಡಿ. ಇದಾದ ಮೇಲೆ ನಿಮ್ಮ ಮೇಲಿನ ಒತ್ತಡವೂ ಸ್ವಲ್ಪ ಇಳಿಯುತ್ತದೆ. ಆಡಳಿತಾಧಿಕಾರಿಗಳಿಗೆ ಬೇಕಾಗಿರುವುದು ದತ್ತಾಂಶ ಉಳಿಯುವ ಭರವಸೆ. ಟಿಎಲ್‌ಎಸ್ ಇರಬೇಕೋ ಬೇಡವೋ ಎಂಬುದು ಅವರ ಚಿಂತೆಯೇ ಅಲ್ಲ.

ಇನ್ನು ನಿಮ್ಮ ನಿಜವಾದ ಗೊಂದಲ. ಎರಡು ಯಂತ್ರಗಳು ಒಂದೇ ಸಂದೇಶ ಕೊಡುತ್ತಿರುವುದರಿಂದ ಒಂದೇ ರೋಗ ಎಂದುಕೊಂಡಿದ್ದೀರಿ. ನಡೆಯುತ್ತಿರುವ ಯಂತ್ರಕ್ಕೆ ಏನೂ ಆಗಿಲ್ಲ ಎಂದೂ ಎಣಿಸಿದ್ದೀರಿ. ಎರಡೂ ತಪ್ಪು ಎಂದು ನನ್ನ ಅನುಮಾನ. ಇಲ್ಲಿ ಮೂರು ಯಂತ್ರ, ಮೂರು ಕಾಯಿಲೆ ಇವೆ; ಅವುಗಳಲ್ಲಿ ಹೆಚ್ಚು ಚಿಂತೆ ಹುಟ್ಟಿಸುವುದು ತೆಪ್ಪಗೆ ನಡೆಯುತ್ತಿರುವ ಆ ಮೂರನೆಯದು.

ಎರಡು ಹೋಸ್ಟ್‌ಗಳು ಟಿಎಲ್‌ಎಸ್ ಮೂಲಕ ಕೈಕುಲುಕುವಾಗ ಒಂದು ಇನ್ನೊಂದಕ್ಕೆ ಸರ್ಟಿಫಿಕೇಟ್, ಅಂದರೆ ತನ್ನ ಗುರುತಿನ ಕಾಗದ, ತೋರಿಸುತ್ತದೆ. ನೋಡುವವನು ಕೇಳುವುದು ಇಷ್ಟೇ: ಇದಕ್ಕೆ ಸಹಿ ಹಾಕಿದವರನ್ನು ನಾನು ನಂಬುತ್ತೇನೆಯೇ? ಇವತ್ತಿನ ದಿನ ಇದರ ಅವಧಿಯೊಳಗಿದೆಯೇ? ನಾನು ಹುಡುಕಿಕೊಂಡು ಬಂದ ಹೆಸರು ಇದರಲ್ಲಿ ಇದೆಯೇ? ಮೂರರಲ್ಲಿ ಯಾವುದಕ್ಕೆ 'ಇಲ್ಲ' ಎಂದು ಬಂದರೂ ಬಾಗಿಲು ಮುಚ್ಚುತ್ತದೆ, ಎದುರಿನವನಿಗೆ ಹೆಚ್ಚು ವಿವರ ಸಿಗುವುದಿಲ್ಲ. ಆದ್ದರಿಂದಲೇ ಡೈರೆಕ್ಟರ್‌ನ ಲಾಗ್ ನೋಡಿಕೊಂಡು ಕುಳಿತರೆ 'ನೆಗೋಷಿಯೇಷನ್ ಫೇಲ್ಡ್' ಎಂಬ ಒಣ ಮಾತು ಮಾತ್ರ ಕಾಣುತ್ತದೆ. ಕಾರಣ ಬರೆದಿರುವುದು ನಿರಾಕರಿಸಿದವನ ಲಾಗ್‌ನಲ್ಲಿ. ಲ್ಯಾಬ್ ಯಂತ್ರ ಸ್ಟೋರೇಜನ್ನು ತಿರಸ್ಕರಿಸಿದ್ದರೆ ಓದಬೇಕಾದದ್ದು ಲ್ಯಾಬ್ ಯಂತ್ರದ ಕಡೆಯ ವಿವರ. ಫೈಲ್ ಡೀಮನ್ (ಆ ಯಂತ್ರದಲ್ಲಿ ಓಡುವ ಬಾಕ್ಯುಲಾದ ಭಾಗ) ಅನ್ನು ಡೀಬಗ್ ಮಟ್ಟ ಏರಿಸಿ ಒಮ್ಮೆ ಓಡಿಸಿದರೆ ಸಿಗುತ್ತದೆ. ಕೆಲವೊಮ್ಮೆ ಈ ಕಡೆಗೆ ಒಂದು ಅಂಕಿಯಾದರೂ ತಲುಪುತ್ತದೆ: 45 ಎಂದರೆ ಅವಧಿ ಮುಗಿದಿದೆ, 48 ಎಂದರೆ ಸಹಿ ಹಾಕಿದವರು ಗೊತ್ತಿಲ್ಲ, 70 ಎಂದರೆ ಟಿಎಲ್‌ಎಸ್ ಆವೃತ್ತಿ ಒಪ್ಪಿಗೆಯಿಲ್ಲ. 40 ಬಂದರೆ ಮಾತ್ರ ಅದು ಸರ್ಕಾರಿ ಕಚೇರಿಯ 'ಪರಿಶೀಲಿಸಲಾಗಿದೆ' ಎಂಬ ಷರಾ ಇದ್ದಂತೆ, ಏನನ್ನೂ ಹೇಳುವುದಿಲ್ಲ.

ಈಗ ಲ್ಯಾಬ್ ಯಂತ್ರ. ಸ್ಟೇಟಸ್ ಬರುತ್ತದೆ, ಜಾಬ್ ಬೀಳುತ್ತದೆ ಎಂದು ನೀವು ಗಮನಿಸಿ ಬರೆದಿರುವುದು ಒಳ್ಳೆಯದಾಯಿತು. ಬಾಕ್ಯುಲಾದ ನಡಿಗೆ ಹೀಗಿದೆ. ಡೈರೆಕ್ಟರ್ ಕ್ಲೈಂಟ್ ಯಂತ್ರದ, ಅಂದರೆ ಬ್ಯಾಕಪ್ ಆಗಬೇಕಾದ ಯಂತ್ರದ, 9102ನೇ ಪೋರ್ಟಿಗೆ (ಅಂಕಿಯಿಂದ ಗುರುತಿಸುವ ಬಾಗಿಲಿಗೆ) ಹೋಗಿ ಕೆಲಸ ಹೇಳುತ್ತದೆ. ಸ್ಟೋರೇಜಿನ 9103ಕ್ಕೂ ಹೋಗಿ ಸಿದ್ಧವಾಗಿರು ಎನ್ನುತ್ತದೆ. ಆಮೇಲೆ ಡೈರೆಕ್ಟರ್ ಪಕ್ಕಕ್ಕೆ ಸರಿಯುತ್ತದೆ, ದತ್ತಾಂಶ ಅದರ ಮೂಲಕ ಹರಿಯುವುದಿಲ್ಲ. ಕ್ಲೈಂಟ್ ತಾನೇ ಎದ್ದು ಸ್ಟೋರೇಜಿನ 9103ಕ್ಕೆ ನೇರ ಹೋಗುತ್ತದೆ. ಯಾವ ವಿಳಾಸಕ್ಕೆ? ಡೈರೆಕ್ಟರ್ ತನ್ನ ಸಂರಚನೆಯಲ್ಲಿ ಬರೆದುಕೊಂಡು ಹೇಳಿಕಳಿಸಿದ ವಿಳಾಸಕ್ಕೆ. 'ಸ್ಟೇಟಸ್' ಆಜ್ಞೆ ಪರೀಕ್ಷಿಸುವುದು ಮೊದಲ ದಾರಿಯನ್ನು ಮಾತ್ರ. ಜಾಬ್ ಬೀಳುತ್ತಿರುವುದು ಮೂರನೆಯ ದಾರಿಯಲ್ಲಿ. ಡೈರೆಕ್ಟರ್ ಕೂತಿರುವ ಮೈಸೂರಿನಿಂದ ನೀವು ಎಷ್ಟು ಪರೀಕ್ಷೆ ಮಾಡಿದರೂ ಆ ದಾರಿ ಕಾಣಿಸುವುದಿಲ್ಲ; ಲ್ಯಾಬ್ ಯಂತ್ರದ ಮುಂದೆಯೇ ಕುಳಿತು ಸ್ಟೋರೇಜಿನ ಕಡೆಗೆ ನೋಡಬೇಕು.

ಹಾಗೆ ನೋಡಿದರೆ ಏನು ಕಾಣುತ್ತದೆ ಎಂದು ಊಹಿಸಬಲ್ಲೆ. ಯಂತ್ರ ಹೊಸದು, ಹೆಸರು ಹೊಸದು. ಆದರೆ ಹಳೆಯ ಫೈಲುಗಳನ್ನೆಲ್ಲ ಕಾಪಿ ಮಾಡಿದ್ದಾರೆ, ಅಂದರೆ ಸರ್ಟಿಫಿಕೇಟ್ ಸತ್ತ ಯಂತ್ರದ್ದೇ. ನಮ್ಮ ಕಡೆ ಇದನ್ನು ವಿವರಿಸುವುದು ಸುಲಭ: ತಾತ ತೀರಿಹೋಗಿ ಮೊಮ್ಮಗ ಉಳುತ್ತಿದ್ದಾನೆ, ಪಹಣಿ ಮಾತ್ರ ಇನ್ನೂ ತಾತನ ಹೆಸರಿನಲ್ಲಿದೆ, ಪೌತಿ ಖಾತೆ ಆಗಿಲ್ಲ. ಮೊಮ್ಮಗ ಬೆಳೆ ಸಾಲಕ್ಕೆ ಹೋದರೆ ಬ್ಯಾಂಕಿನವರು ಇಲ್ಲ ಎನ್ನುತ್ತಾರೆ. ಜಮೀನು ಇವನದೇ, ಊರಿಗೆಲ್ಲ ಗೊತ್ತು. ಆದರೂ ಬ್ಯಾಂಕಿನವರದು ತಪ್ಪಲ್ಲ. ನಿಮ್ಮ ಲ್ಯಾಬ್ ಯಂತ್ರ ಮಾಡುತ್ತಿರುವುದೂ ಅದನ್ನೇ. ಹೊಸ ಹೆಸರು ಹುಡುಕಿಕೊಂಡು ಹೋಯಿತು, ಹಳೆಯ ಹೆಸರಿನ ಕಾಗದ ಕಂಡಿತು, ವಾಪಸು ಬಂತು. ಯಂತ್ರ ಕೊಟ್ಟವರ ಹುಡುಗ ಡೈರೆಕ್ಟರ್‌ನಲ್ಲಿ ಸೇರಿಸಿದ 'ಅಲೋಡ್ ಸಿಎನ್' ಸಾಲಿನ ಅರ್ಥವೂ ಇದೇ: "ಕಾಗದದಲ್ಲಿ ಈ ಹಳೆಯ ಹೆಸರು ಇದ್ದರೆ ಒಪ್ಪಿಕೋ". ಅವನಿಗೆ ಕಾರಣ ಗೊತ್ತಿತ್ತು ಎಂದಾಯಿತು. ಒಂದು ಬಾಗಿಲಿಗೆ ಚೀಟಿ ಅಂಟಿಸಿದ, ಉಳಿದ ಬಾಗಿಲುಗಳನ್ನು ಮರೆತ.

ಇದನ್ನು ಖಚಿತಪಡಿಸಿಕೊಳ್ಳಲು ಹತ್ತು ನಿಮಿಷ ಸಾಕು. ಸ್ಟೋರೇಜ್ ಯಂತ್ರದಲ್ಲಿ ಬಾಕ್ಯುಲಾದ ಸಂರಚನಾ ಕಡತ ತೆರೆದು ಅದು ಯಾವ ಸರ್ಟಿಫಿಕೇಟ್ ಕಡತವನ್ನು ಬಳಸುತ್ತಿದೆ ಎಂದು ನೋಡಿ. ಓಪನ್‌ಎಸ್‌ಎಸ್‌ಎಲ್‌ನ ಎಕ್ಸ್509 ಉಪಕರಣಕ್ಕೆ ಆ ಕಡತ ಕೊಟ್ಟು ವಿಷಯ, ಸಹಿ ಹಾಕಿದವರು, ಆರಂಭ ಮತ್ತು ಅಂತ್ಯದ ದಿನ, ಪರ್ಯಾಯ ಹೆಸರುಗಳು ಇಷ್ಟನ್ನು ತೆರೆಯ ಮೇಲೆ ಬರಿಸಿ. ಪಕ್ಕದಲ್ಲಿ ಡೈರೆಕ್ಟರ್‌ನ ಸ್ಟೋರೇಜ್ ವಿಭಾಗದಲ್ಲಿರುವ ವಿಳಾಸವನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಅಕ್ಷರಕ್ಕೆ ಅಕ್ಷರ ಹೋಲಿಸಿ. ಚುಕ್ಕೆಯ ನಂತರದ ಭಾಗವನ್ನು ಮರೆಯಬೇಡಿ. ಒಂದು ಕಡೆ ಬರಿಯ ಯಂತ್ರದ ಹೆಸರು, ಇನ್ನೊಂದು ಕಡೆ ಡೊಮೇನ್ ಸಹಿತ ಪೂರ್ಣ ಹೆಸರು ಇದ್ದರೂ ಅದು ಬೇರೆ ಹೆಸರೇ. ವಿಳಾಸದ ಜಾಗದಲ್ಲಿ ಐಪಿ ಅಂಕಿ ಇದ್ದು ಸರ್ಟಿಫಿಕೇಟಿನಲ್ಲಿ ಆ ಐಪಿ ಇಲ್ಲದಿದ್ದರೂ ಇದೇ ಗತಿ. ಇಂಟರ್ನೆಟ್ಟಿನ ಎಷ್ಟೋ ಸಲಹೆಗಳು ಎಸ್-ಕ್ಲೈಂಟ್ ಉಪಕರಣದಿಂದ ಪೋರ್ಟಿಗೆ ನೇರ ಸಂಪರ್ಕ ಹಾಕಿ ನೋಡಿ ಎನ್ನುತ್ತವೆ. ವೆಬ್ ಸರ್ವರ್‌ಗೆ ಅದು ಸರಿ. ಬಾಕ್ಯುಲಾ ಮೊದಲು ತನ್ನ ಭಾಷೆಯಲ್ಲಿ ನಮಸ್ಕಾರ ಹೇಳಿ ಆಮೇಲೆ ಟಿಎಲ್‌ಎಸ್‌ಗೆ ಹೊರಳುತ್ತದೆ. ಆದ್ದರಿಂದ ಎಲ್ಲ ಸರಿಯಿದ್ದಾಗಲೂ ಆ ಪರೀಕ್ಷೆ ಸೋಲುತ್ತದೆ, ಸೋತದ್ದನ್ನು ನೋಡಿ ಜನ ಇನ್ನಷ್ಟು ಹೆದರುತ್ತಾರೆ.

ಮದ್ದೂರಿನದು ಬೇರೆ ಕಥೆ. ಅಲ್ಲಿ ಸ್ಟೇಟಸ್ ಕೂಡ ಬರುವುದಿಲ್ಲ, ಅಂದರೆ ಮೊದಲ ದಾರಿಯೇ ಮುಚ್ಚಿದೆ. ಸ್ಟೋರೇಜ್ ಬದಲಾದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಅಲ್ಲಿ ದಿನವೂ ಪೆನ್ನಿನಲ್ಲಿ ತಿದ್ದುತ್ತಿರುವ ತಾರೀಖು ನೆನಪಿಸಿಕೊಳ್ಳಿ. ಯಂತ್ರದ ಗಡಿಯಾರ ಹಿಂದಕ್ಕೆ ಹೋಗಿದೆ. ಮದರ್‌ಬೋರ್ಡಿನ ಮೇಲಿನ ರೂಪಾಯಿ ನಾಣ್ಯದಂಥ ಸೆಲ್, ಸಿಆರ್2032, ಸತ್ತಿದೆ. ಕರೆಂಟು ಹೋದಾಗಲೆಲ್ಲ ಗಡಿಯಾರ ಯಾವುದೋ ಹಳೆಯ ಜನವರಿ 1ಕ್ಕೆ ಮರಳುತ್ತದೆ. ಆ ಯಂತ್ರದ ಲೆಕ್ಕದಲ್ಲಿ ನಿಮ್ಮ ಸರ್ಟಿಫಿಕೇಟುಗಳು ಇನ್ನೂ ಹುಟ್ಟಿಯೇ ಇಲ್ಲ. ಡೈರೆಕ್ಟರ್ ಬಂದು ತನ್ನ ಕಾಗದ ತೋರಿಸಿದರೆ ಅದು ಒಪ್ಪುವುದಾದರೂ ಹೇಗೆ? ಅದೇ ಯಂತ್ರದ ಬ್ರೌಸರ್‌ನಲ್ಲಿ ಯಾವುದಾದರೂ ಬ್ಯಾಂಕಿನ ತಾಣ ತೆರೆಯಲು ಹೇಳಿ ನೋಡಿ, ಅಲ್ಲೂ ಎಚ್ಚರಿಕೆ ಬರುತ್ತದೆ.

"ವಿಂಡೋಸ್ ತಾನೇ ಸಮಯ ಸರಿಮಾಡಿಕೊಳ್ಳುವುದಿಲ್ಲವೇ?" ಎಂದು ಕೇಳುತ್ತೀರಿ. ಡೊಮೇನಿಗೆ ಸೇರದ ಬಿಡಿ ವಿಂಡೋಸ್ ಯಂತ್ರದಲ್ಲಿ ಅದಕ್ಕೊಂದು ಮಿತಿಯಿದೆ: 54,000 ಸೆಕೆಂಡು, ಅಂದರೆ 15 ಗಂಟೆ. ವ್ಯತ್ಯಾಸ ಅದಕ್ಕಿಂತ ಹೆಚ್ಚಾದರೆ ಸಮಯ ಸೇವೆ ಕೈಹಾಕುವುದಿಲ್ಲ. ವರ್ಷಗಟ್ಟಲೆ ಹಿಂದೆ ಬಿದ್ದ ಗಡಿಯಾರವನ್ನು ಮನುಷ್ಯರೇ ಒಮ್ಮೆ ಸರಿಮಾಡಬೇಕು. ಸೆಲ್ ಯಾವ ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಹಾಕಿಸಿ, ದಿನಾಂಕ ಸರಿಮಾಡಿ, ಆಮೇಲೆ ಎಲ್ಲ ಯಂತ್ರಗಳೂ ಒಂದೇ ಸಮಯ ಮೂಲವನ್ನು ನೋಡುವಂತೆ ಎನ್‌ಟಿಪಿ (ಜಾಲದ ಮೂಲಕ ಗಡಿಯಾರ ಸರಿಮಾಡುವ ವ್ಯವಸ್ಥೆ) ಹೊಂದಿಸಿ. 2022ರ ಏಪ್ರಿಲ್ 28ರ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) ನಿರ್ದೇಶನವೂ ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಗಡಿಯಾರಗಳನ್ನು ಹೊಂದಿಸಬೇಕು ಎನ್ನುತ್ತದೆ. ಕಾನೂನಿಗಾಗಿ ಅಲ್ಲದಿದ್ದರೂ ನಿಮ್ಮ ನಿದ್ದೆಗಾಗಿ ಮಾಡಿ.

ಗಡಿಯಾರದ ಚೇಷ್ಟೆ ಎಲ್ಲ ಸಲವೂ ಇಷ್ಟು ಢಾಳಾಗಿ ಕಾಣುವುದಿಲ್ಲ. ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಗೆ ಒಮ್ಮೆ ಹೋಗಿದ್ದೆ. ಬೆಳಿಗ್ಗೆ 11ಕ್ಕೆ ಹೊಸ ಸರ್ಟಿಫಿಕೇಟ್ ಮಾಡಿ ಹಂಚಿದ್ದರು. ಯಾವ ಹೋಸ್ಟೂ ಒಪ್ಪಲಿಲ್ಲ. ಮಧ್ಯಾಹ್ನವೆಲ್ಲ ತಲೆ ಕೆಡಿಸಿಕೊಂಡೆವು. ಸಂಜೆ ನಾಲ್ಕೂವರೆಗೆ ಯಾರೂ ಏನೂ ಮಾಡದೆ ಎಲ್ಲ ಸರಿಹೋಯಿತು. ಅಷ್ಟರಲ್ಲಿ ಅಲ್ಲಿನ ಮೇಲ್ವಿಚಾರಕರು ರ‍್ಯಾಕಿಗೆ ನಿಂಬೆಹಣ್ಣು ಕಟ್ಟಿಸಿದ್ದರಿಂದ ಕೀರ್ತಿಯೆಲ್ಲ ನಿಂಬೆಹಣ್ಣಿಗೆ ಹೋಯಿತು. ಮರುದಿನ ಲೆಕ್ಕ ಹಾಕಿದಾಗ ಹೊಳೆಯಿತು: 11ರಿಂದ ನಾಲ್ಕೂವರೆಗೆ ಐದೂವರೆ ಗಂಟೆ. ಸರ್ಟಿಫಿಕೇಟಿನೊಳಗಿನ ಸಮಯ ಯಾವಾಗಲೂ ಯುಟಿಸಿ, ಅಂದರೆ ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ. ಸಹಿ ಹಾಕಿದ ಲಿನಕ್ಸ್ ಯಂತ್ರದ ಬೋರ್ಡ್ ಗಡಿಯಾರದಲ್ಲಿ ಭಾರತೀಯ ಸಮಯವಿತ್ತು, ಲಿನಕ್ಸ್ ಅದನ್ನೇ ಯುಟಿಸಿ ಎಂದು ಓದಿ ಐದೂವರೆ ಗಂಟೆ ಮುಂದೆ ಓಡುತ್ತಿತ್ತು. ಅಲ್ಲಿ ಹುಟ್ಟಿದ ಸರ್ಟಿಫಿಕೇಟ್ ಉಳಿದ ಯಂತ್ರಗಳಿಗೆ ಜಾರಿಗೆ ಬರಲು ಅಷ್ಟು ಹೊತ್ತು ಬೇಕಾಯಿತು. 'ತಾನಾಗಿಯೇ ಸರಿಹೋಯಿತು' ಎಂದು ಯಾರಾದರೂ ಹೇಳಿದರೆ ನಾನು ಈಗಲೂ ಮೊದಲು ಗಡಿಯಾರ ನೋಡುತ್ತೇನೆ.

ಇನ್ನು ಲೆಕ್ಕಪತ್ರದ ಯಂತ್ರ. ಸ್ಟೋರೇಜಿನ ಹೆಸರು ಬದಲಾಗಿದೆ, ಕಾಗದ ಹಳೆಯದು, ಈ ಯಂತ್ರಕ್ಕೆ ಯಾರೂ 'ಅಲೋಡ್ ಸಿಎನ್' ಸಾಲು ಸೇರಿಸಿಲ್ಲ. ಹಾಗಿದ್ದರೆ ಅದೂ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಇದಕ್ಕೆ ನಾನು ಮೊದಲು ಎಣಿಸುವ ಕಾರಣ: ಆ ಯಂತ್ರ ಕಾಗದ ಕೇಳಿಯೇ ಇಲ್ಲ. ಬಾಕ್ಯುಲಾದಲ್ಲಿ ಟಿಎಲ್‌ಎಸ್‌ಗೆ ಎರಡು ಬೇರೆ ಸ್ವಿಚ್ಚುಗಳಿವೆ. 'ಎನೇಬಲ್' ಎಂದರೆ ಸಾಧ್ಯವಾದರೆ ಬಳಸು. 'ರಿಕ್ವೈರ್' ಎಂದರೆ ಅದಿಲ್ಲದೆ ಮಾತೇ ಬೇಡ. ಸ್ಟೋರೇಜಿನಲ್ಲಿ 'ರಿಕ್ವೈರ್' ಹಾಕದೆ, ಲೆಕ್ಕಪತ್ರದ ಯಂತ್ರದ ಆ ಭಾಗದಲ್ಲಿ 'ಎನೇಬಲ್' ಸಾಲೇ ಬಿಟ್ಟುಹೋಗಿದ್ದರೆ, ಎರಡೂ ಸೇರಿ ಟಿಎಲ್‌ಎಸ್ ಇಲ್ಲದೆಯೇ ಕೆಲಸ ಮುಗಿಸುತ್ತವೆ. ದೋಷ ಸಂದೇಶ ಬರುವುದಿಲ್ಲ, ಮರುದಿನ ಬೆಳಿಗ್ಗೆ 'ಬ್ಯಾಕಪ್ ಓಕೆ' ಎಂಬ ಮೇಲ್ ಬರುತ್ತದೆ. ಇದು ಮಿಂಚು ಬಡಿದ ನಂತರ ಆದದ್ದಲ್ಲ, ಸ್ಥಾಪಿಸಿದ ದಿನದಿಂದಲೂ ಹೀಗೆಯೇ ಇದ್ದಿರಬಹುದು.

ಊಹೆ ಬೇಡ, ಕಣ್ಣಾರೆ ನೋಡಿ. ಲೆಕ್ಕಪತ್ರದ ಯಂತ್ರದಲ್ಲಿ ಬ್ಯಾಕಪ್ ಆಗುವ ಫೋಲ್ಡರಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ 'ಕಾವೇರಿಪರೀಕ್ಷೆ' ಎಂಬಂಥ, ಬೇರೆಲ್ಲೂ ಬರಲಾರದ ಹೆಸರಿನ ಖಾಲಿ ಕಡತವೊಂದನ್ನು ಇಡಿ. ಟಿಸಿಪಿಡಂಪ್ (ಜಾಲದಲ್ಲಿ ಹರಿಯುವುದನ್ನು ಹಿಡಿದಿಡುವ ಉಪಕರಣ) ಬಳಸಿ 9103ನೇ ಪೋರ್ಟಿನ ಸಂಚಾರವನ್ನು ಒಂದು ಕಡತಕ್ಕೆ ಹಿಡಿಯುತ್ತ, ಇನ್ನೊಂದು ಕಡೆಯಿಂದ ಜಾಬ್ ಓಡಿಸಿ. ಆಮೇಲೆ ಹಿಡಿದ ಕಡತದೊಳಗೆ ಆ ಹೆಸರನ್ನು ಹುಡುಕಿ. ಸಿಕ್ಕಿತೆಂದರೆ ಎಲ್ಲವೂ ಬೆತ್ತಲೆಯಾಗಿ ಹೋಗುತ್ತಿದೆ. ಕಡತದ ಒಳಗಿನ ಮಾತಿಗಿಂತ ಹೆಸರನ್ನು ಹುಡುಕಿ ಎಂದು ಹೇಳುವುದಕ್ಕೆ ಕಾರಣವಿದೆ: ಕಂಪ್ರೆಷನ್ ಹಾಕಿದ್ದರೆ ಒಳಗಿನದು ಗುರುತು ಸಿಗುವುದಿಲ್ಲ, ಹೆಸರು ಸಾಮಾನ್ಯವಾಗಿ ಹಾಗೆಯೇ ಉಳಿಯುತ್ತದೆ. ಮೊದಲ ಸಲ ನಾನು ಹೀಗೆ ಹಿಡಿದು ನೋಡಿದಾಗ ತೆರೆಯ ಮೇಲೆ ಸಾಲುಸಾಲಾಗಿ ಬಂದದ್ದು ಗ್ರಾಹಕರ ಹೆಸರಿಟ್ಟ ಪಿಡಿಎಫ್‌ಗಳು. ಆ ಸಂಸ್ಥೆಯವರು ನಾಲ್ಕು ವರ್ಷದಿಂದ "ನಮ್ಮಲ್ಲಿ ಎಲ್ಲ ಎನ್‌ಕ್ರಿಪ್ಟೆಡ್" ಎಂದು ಹೇಳಿಕೊಂಡು ಬಂದಿದ್ದರು.

ನೀವು ಮಾಡಿ ನೋಡಿದ ಪ್ರಯತ್ನಗಳ ಬಗ್ಗೆ ಎರಡು ಮಾತು. ಪಿಂಗ್ ಹೋಗುತ್ತದೆ ಎಂಬುದು ಯಂತ್ರ ಹೊತ್ತಿಕೊಂಡಿದೆ ಎಂಬುದಕ್ಕೆ ಮಾತ್ರ ಸಾಕ್ಷಿ. ಪೋರ್ಟ್ ತೆರೆದಿದೆಯೇ ಎಂದು ಅದು ಹೇಳುವುದಿಲ್ಲ. ಪೋರ್ಟ್ ಪರೀಕ್ಷೆಯಲ್ಲಿ 'ರಿಫ್ಯೂಸ್ಡ್' ಬಂದರೆ ಯಂತ್ರ ಸಿಕ್ಕಿದೆ, ಸೇವೆ ಓಡುತ್ತಿಲ್ಲ ಎಂದು ಸಾಮಾನ್ಯವಾಗಿ ತಿಳಿಯಬಹುದು. ಬಹಳ ಹೊತ್ತು ಕಾದು 'ಟೈಮ್ಡ್ ಔಟ್' ಬಂದರೆ ಮಧ್ಯದಲ್ಲಿ ಯಾರೋ ನುಂಗುತ್ತಿದ್ದಾರೆ. ನಿಮ್ಮಲ್ಲಿ ಟಿಎಲ್‌ಎಸ್ ಮಾತುಕತೆಯವರೆಗೆ ಹೋಗಿದೆ, ಆದ್ದರಿಂದ ದಾರಿ ತೆರೆದೇ ಇದೆ. ಫೈರ್‌ವಾಲ್ ಮತ್ತು ಆ್ಯಂಟಿವೈರಸ್ ಮತ್ತೆ ಹಾಕಿ, ಇವತ್ತೇ. ಆ್ಯಂಟಿವೈರಸ್ ಮೇಲಿನ ಅನುಮಾನ ಪೂರ್ತಿ ಆಧಾರವಿಲ್ಲದ್ದೇನಲ್ಲ. ಕೆಲವು ಆ್ಯಂಟಿವೈರಸ್‌ಗಳು, ಕಚೇರಿಯ ಫೈರ್‌ವಾಲ್ ಪೆಟ್ಟಿಗೆಗಳು ನಡುವೆ ನಿಂತು ಟಿಎಲ್‌ಎಸ್ ಬಿಚ್ಚಿ, ತಮ್ಮದೇ ಸರ್ಟಿಫಿಕೇಟ್ ತೋರಿಸುತ್ತವೆ. ಆಗ ಸಹಿ ಹಾಕಿದವರ ಹೆಸರಿನ ಜಾಗದಲ್ಲಿ ಆ ಉತ್ಪನ್ನದ ಹೆಸರೇ ಕಾಣುತ್ತದೆ. ತೆಗೆದ ಮೇಲೂ ದೋಷ ಹೋಗದಿದ್ದರಿಂದ ನಿಮ್ಮಲ್ಲಿ ಅದಲ್ಲ.

ಮರು ಇನ್‌ಸ್ಟಾಲ್ ಬಗ್ಗೆ ಮಾತ್ರ ಸ್ವಲ್ಪ ಗದರಿಸಬೇಕು. ಹಳೆಯ ಬ್ಯಾಕಪ್ ಹೋಯಿತೇ ಎಂಬ ನಿಮ್ಮ ಪ್ರಶ್ನೆ ಇಲ್ಲಿಗೆ ತಗಲುತ್ತದೆ. ಟಿಎಲ್‌ಎಸ್ ಕಾಯುವುದು ದಾರಿಯನ್ನು, ಡಿಸ್ಕಿನಲ್ಲಿ ಕುಳಿತದ್ದನ್ನಲ್ಲ. ಟಿಎಲ್‌ಎಸ್ ಸರ್ಟಿಫಿಕೇಟ್ ಬದಲಾದರೆ ಹಳೆಯ ಬ್ಯಾಕಪ್‌ಗೆ ಏನೂ ಆಗುವುದಿಲ್ಲ. ಆದರೆ ಬಾಕ್ಯುಲಾದಲ್ಲಿ ಇನ್ನೊಂದು ಸೌಲಭ್ಯವಿದೆ: ಕ್ಲೈಂಟ್ ಯಂತ್ರವೇ ಕಡತಗಳನ್ನು ತನ್ನ ಕೀಲಿಯಿಂದ ಬೀಗ ಹಾಕಿ ಕಳುಹಿಸುವುದು. ಸಂರಚನೆಯಲ್ಲಿ 'ಪಿಕೆಐ' ಎಂದು ಶುರುವಾಗುವ ಸಾಲುಗಳಿದ್ದರೆ ನಿಮ್ಮಲ್ಲಿ ಅದು ಇದೆ. ಇದ್ದರೆ, ಲ್ಯಾಬ್ ಯಂತ್ರದಲ್ಲಿ ಎರಡು ಸಲ ಅಳಿಸಿ ಹಾಕುವಾಗ ಆ ಕೀಲಿ ಕಡತ ಉಳಿಯಿತೇ? ಅದೂ ಹೋಗಿ, ಮಾಸ್ಟರ್ ಕೀಲಿಯೂ ಇಲ್ಲದಿದ್ದರೆ, ಆ ಯಂತ್ರದ ಹಳೆಯ ಬ್ಯಾಕಪ್‌ಗಳನ್ನು ಯಾರೂ ತೆರೆಯಲಾರರು. ಈಗಲೇ ನೋಡಿ. ಸಾಲುಗಳೇ ಇಲ್ಲದಿದ್ದರೆ ನಿಶ್ಚಿಂತೆ.

ಈಗ ದಾರಿಗಳು. ಟಿಎಲ್‌ಎಸ್ ಪೂರ್ತಿ ತೆಗೆಯುವುದು ನಿಮಗೆ ಹೇಳಿರುವ ದಾರಿ. ವಿಪಿಎನ್ ಇದೆ ಎಂಬುದು ನಿಜವಾದ ವಾದವೇ, ತಳ್ಳಿಹಾಕುವುದಿಲ್ಲ. ಬಾಕ್ಯುಲಾ ತನ್ನ ಗುಪ್ತಪದವನ್ನು ಬಯಲಾಗಿ ಕಳಿಸುವುದಿಲ್ಲ ಎಂಬುದೂ ನಿಜ. ಆದರೆ ವಿಪಿಎನ್ ಕಾಯುವುದು ರೌಟರ್‌ನಿಂದ ರೌಟರ್‌ವರೆಗೆ. ಲ್ಯಾಬ್ ಯಂತ್ರದಿಂದ ಮಂಡ್ಯದ ರೌಟರ್‌ವರೆಗೆ, ಮೈಸೂರಿನ ರೌಟರ್‌ನಿಂದ ಸ್ಟೋರೇಜಿನವರೆಗೆ ರೋಗಿಗಳ ಪೂರ್ತಿ ದಾಖಲೆ ಬಯಲಾಗಿ ಹರಿಯುತ್ತದೆ. ಆಸ್ಪತ್ರೆಯ ವೈಫೈ ಅದೇ ಜಾಲದಲ್ಲಿದ್ದರೆ ಕೇಳುವುದೇ ಬೇಡ. ಬ್ಯಾಕಪ್ ಎಂದರೆ ಇಡೀ ಯಂತ್ರದ ಸಾರ ಒಂದೇ ಕೊಳವೆಯಲ್ಲಿ ಹರಿಯುವುದು. ರಾತ್ರಿ ಬಂದು ಕಂಪ್ಯೂಟರಿನ ಸತ್ವ ಹೀರುತ್ತದೆ ಎಂದು ಬಾಕ್ಯುಲಾ ಮಾಡಿದವರೇ ತಮಾಷೆ ಮಾಡಿಕೊಂಡಿದ್ದಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಸೂಕ್ತ ಭದ್ರತಾ ಕ್ರಮ ತೆಗೆದುಕೊಳ್ಳದಿದ್ದಕ್ಕೆ ದಂಡ 250 ಕೋಟಿ ರೂಪಾಯಿವರೆಗೆ ಇದೆ ಎಂಬ ಒಂದು ಸಾಲನ್ನು ಆಡಳಿತಾಧಿಕಾರಿಗಳಿಗೆ ತೋರಿಸಿ. ಇದ್ದ ಟಿಎಲ್‌ಎಸ್ ತೆಗೆದದ್ದು ನಿಮ್ಮ ಕೈಯಿಂದ ಎಂದು ನಾಳೆ ಬರೆಯಲ್ಪಡುವುದು ನಿಮಗೂ ಬೇಡ.

ಎನ್‌ಕ್ರಿಪ್ಷನ್ ಇಟ್ಟುಕೊಂಡು ಪರಿಶೀಲನೆಯನ್ನಷ್ಟೇ ಆರಿಸುವುದು ಇನ್ನೊಂದು. ಇದು ಕತ್ತಲಲ್ಲಿ ಯಾರ ಕಿವಿ ಎಂದು ನೋಡದೆ ಗುಟ್ಟು ಹೇಳುವ ಹಾಗೆ. ಮೊದಲಿನದಕ್ಕಿಂತ ಒಂದು ಮೆಟ್ಟಿಲು ಮೇಲು, ಅಷ್ಟೇ. ಮುಂದೆ ನಿಜವಾದ ತೊಂದರೆ ಬಂದರೂ ಯಂತ್ರ ಬಾಯಿಬಿಡುವುದಿಲ್ಲ ಎಂಬುದೇ ಇದರ ಅಪಾಯ.

ಈ ರಾತ್ರಿಯ ಮಟ್ಟಿಗೆ ನಾನಾದರೆ ಹೀಗೆ ಮಾಡುತ್ತೇನೆ: ಡೈರೆಕ್ಟರ್‌ನ ಸ್ಟೋರೇಜ್ ವಿಭಾಗದ ವಿಳಾಸವನ್ನು ಹಳೆಯ ಹೆಸರಿಗೇ ಮರಳಿಸಿ, ಡಿಎನ್‌ಎಸ್‌ನಲ್ಲಿ (ಹೆಸರಿನಿಂದ ಐಪಿ ಹುಡುಕುವ ವ್ಯವಸ್ಥೆಯಲ್ಲಿ) ಅಥವಾ ಪ್ರತಿ ಯಂತ್ರದ ಹೋಸ್ಟ್ಸ್ ಕಡತದಲ್ಲಿ ಆ ಹೆಸರು ಹೊಸ ಯಂತ್ರದ ಐಪಿಗೆ ಹೋಗುವಂತೆ ಮಾಡುತ್ತೇನೆ. ಕಾಗದದ ಹೆಸರು, ಹುಡುಕುವ ಹೆಸರು ಒಂದೇ ಆಗುತ್ತವೆ. ಪರಿಶೀಲನೆ ಉಳಿಯುತ್ತದೆ, ಲ್ಯಾಬಿನ ಬ್ಯಾಕಪ್ ಓಡುತ್ತದೆ. ನಿಮ್ಮ ಆವೃತ್ತಿಯಲ್ಲಿ ಅವಕಾಶವಿದ್ದರೆ ಲ್ಯಾಬ್ ಯಂತ್ರಕ್ಕೂ 'ಅಲೋಡ್ ಸಿಎನ್' ಸೇರಿಸಬಹುದು, ತಪ್ಪಲ್ಲ. ಆದರೆ ಎರಡು ವರ್ಷದ ನಂತರ ನಿಮ್ಮ ಜಾಗಕ್ಕೆ ಬರುವವರಿಗೆ ಆ ಸಾಲು ಯಾಕಿದೆ ಎಂದು ತಿಳಿಯುವುದಿಲ್ಲ.

ಇದು ತಾತ್ಕಾಲಿಕ. ಯಾಕೆಂದರೆ ನಿಮ್ಮ ಪತ್ರದಲ್ಲಿ ಇಲ್ಲದ ಒಂದು ಪ್ರಶ್ನೆ ನನ್ನನ್ನು ಕಾಡುತ್ತಿದೆ: ಸುಟ್ಟ ಯಂತ್ರ ಈಗ ಎಲ್ಲಿದೆ? ಬ್ಯಾಕಪ್ ಡಿಸ್ಕ್‌ಗಳನ್ನು ಹೊಸದಕ್ಕೆ ಜೋಡಿಸಿದರು, ಸರಿ. ಆಪರೇಟಿಂಗ್ ಸಿಸ್ಟಮ್ ಇದ್ದ ಡಿಸ್ಕ್? ಅದರಲ್ಲಿ ಈ ಸರ್ಟಿಫಿಕೇಟಿನ ಖಾಸಗಿ ಕೀಲಿ ಇದೆ. ಅದು ಯಾರದೋ ಗುಜರಿ ಮೂಟೆಯಲ್ಲಿದ್ದರೆ ನಿಮ್ಮ ಸ್ಟೋರೇಜಿನ ಗುರುತು ಅವರ ಬಳಿಯೂ ಇದೆ. ಡಿಸ್ಕನ್ನು ವಾಪಸು ತರಿಸಿಕೊಳ್ಳಿ. ಏನೇ ಆದರೂ ಹೊಸ ಕೀಲಿ, ಹೊಸ ಸರ್ಟಿಫಿಕೇಟ್ ಮಾಡಲೇಬೇಕು.

ಹೊಸದು ಮಾಡುವಾಗ ಸಹಿ ಹಾಕುವ ಕೀಲಿ, ಅಂದರೆ ನಿಮ್ಮದೇ ಸಿಎ (ಸರ್ಟಿಫಿಕೇಟುಗಳಿಗೆ ಸಹಿ ಹಾಕುವ ಅಧಿಕಾರ) ಕೀಲಿ, ಎಲ್ಲಿದೆ ಎಂದು ಹುಡುಕಿ. ಸಿಕ್ಕರೆ ಕೆಲಸ ಸಣ್ಣದು. ಹೊಸ ಹೆಸರು, ಹಳೆಯ ಹೆಸರು ಎರಡನ್ನೂ ಪರ್ಯಾಯ ಹೆಸರುಗಳ ಪಟ್ಟಿಯಲ್ಲಿ ಹಾಕಿ. ಕಾಮನ್ ನೇಮ್ (ಸಿಎನ್, ಸರ್ಟಿಫಿಕೇಟಿನ ಮುಖ್ಯ ಹೆಸರು) ಒಂದನ್ನೇ ನಂಬಬೇಡಿ. ಕ್ರೋಮ್ 2017ರಲ್ಲೇ ಅದನ್ನು ನೋಡುವುದು ಬಿಟ್ಟಿತು, ಬೇರೆ ತಂತ್ರಾಂಶಗಳೂ ಅದೇ ಹಾದಿಯಲ್ಲಿವೆ. ಉದ್ದೇಶದ ಜಾಗದಲ್ಲಿ ಸರ್ವರ್ ಮತ್ತು ಕ್ಲೈಂಟ್ ಎರಡನ್ನೂ ಬರೆಯಿರಿ. ಲ್ಯಾಬ್ ಯಂತ್ರ ಡೈರೆಕ್ಟರ್‌ಗೆ ಸರ್ವರ್, ಸ್ಟೋರೇಜಿಗೆ ಕ್ಲೈಂಟ್. ಒಂದೇ ಉದ್ದೇಶದ ಸರ್ಟಿಫಿಕೇಟ್ ಕೊಟ್ಟರೆ ಸ್ಟೇಟಸ್ ಬಂದು ಜಾಬ್ ಬೀಳುವ ಇದೇ ನಾಟಕ ಮತ್ತೊಮ್ಮೆ ನಡೆಯುತ್ತದೆ. ಕೀಲಿ ಕನಿಷ್ಠ 2048 ಬಿಟ್ ಇರಲಿ. ಹೊಸ ಯಂತ್ರದಲ್ಲಿ ಹೊಸ ಲಿನಕ್ಸ್ ಇದ್ದರೆ 1024ನ್ನು ಮುಟ್ಟುವುದೂ ಇಲ್ಲ. ಡೆಬಿಯನ್ 2019ರ ಆವೃತ್ತಿಯಿಂದಲೇ ಹೀಗೆ, ಟಿಎಲ್‌ಎಸ್ 1.2ಕ್ಕಿಂತ ಹಳೆಯದೂ ಅಲ್ಲಿ ನಡೆಯುವುದಿಲ್ಲ.

ಸಿಎ ಕೀಲಿ ಸುಟ್ಟ ಯಂತ್ರದಲ್ಲೇ ಇತ್ತು ಎಂದಾದರೆ ಹೊಸ ಸಿಎ ಕಟ್ಟಬೇಕು. ಮೊದಲು ಎಲ್ಲ ಯಂತ್ರಗಳ ನಂಬಿಕೆಯ ಕಡತಕ್ಕೆ ಹೊಸ ಸಿಎಯನ್ನು ಹಳೆಯದರ ಜೊತೆಗೇ ಸೇರಿಸಿ. ಆಮೇಲೆ ಒಂದೊಂದಾಗಿ ಸರ್ಟಿಫಿಕೇಟ್ ಬದಲಿಸಿ. ಎಲ್ಲ ಮುಗಿದ ಮೇಲಷ್ಟೇ ಹಳೆಯ ಸಿಎ ತೆಗೆಯಿರಿ. ಈ ಕ್ರಮ ತಪ್ಪಿಸಿದರೆ ಒಂದು ವಾರ 48ನೇ ಅಂಕಿ ನೋಡುತ್ತ ಕೂರುತ್ತೀರಿ.

ಸರ್ಟಿಫಿಕೇಟ್ ಸಹವಾಸವೇ ಬೇಡ ಎನಿಸಿದರೆ ಬಾಕ್ಯುಲಾ 11ಕ್ಕೆ ಏರಬಹುದು. ಅಲ್ಲಿಂದ ಮುಂದೆ, ಈಗಾಗಲೇ ಇರುವ ಗುಪ್ತಪದದಿಂದಲೇ ಕೀಲಿ ಮಾಡಿಕೊಂಡು ಟಿಎಲ್‌ಎಸ್ ತಾನಾಗಿ ನಡೆಯುತ್ತದೆ. ಹೆಸರು, ಅವಧಿಯ ಕಾಟವಿಲ್ಲ. ಬದಲಿಗೆ ಗುಪ್ತಪದವಿರುವ ಸಂರಚನಾ ಕಡತವೇ ಕೀಲಿಯಾಗುತ್ತದೆ, ಅದನ್ನು ಮೇಲ್‌ನಲ್ಲಿ ಯಾರಿಗೂ ಕಳಿಸುವಂತಿಲ್ಲ. ಡೈರೆಕ್ಟರ್ ಮತ್ತು ಸ್ಟೋರೇಜ್ ಎರಡನ್ನೂ ಒಟ್ಟಿಗೆ ಏರಿಸಬೇಕು. ಕ್ಲೈಂಟುಗಳು ಹಿಂದಿರಬಹುದು, ಮುಂದಿರಬಾರದು. ಈಗಿನ ಗಲಾಟೆ ಮುಗಿದು, ಒಂದು ತಿಂಗಳು ಶಾಂತವಾಗಿ ನಡೆದ ಮೇಲೆ ಇದನ್ನು ಯೋಚಿಸಿ. ರೋಗಿಗೆ ಜ್ವರವಿರುವಾಗ ಶಸ್ತ್ರಚಿಕಿತ್ಸೆ ಮಾಡುವುದಿಲ್ಲ ಎಂದು ನಿಮ್ಮ ವೈದ್ಯರೇ ಹೇಳುತ್ತಾರೆ.

ಮದ್ದೂರಿನ ಗಡಿಯಾರ ಸರಿಹೋದ ಮೇಲೆ ಸ್ಟೇಟಸ್ ಬಂದು, ಜಾಬ್ ಮಾತ್ರ ತಿರಸ್ಕಾರವೂ ಇಲ್ಲದೆ ಸುಮ್ಮನೆ ನೇತಾಡಿದರೆ ವಿಪಿಎನ್ ಕಡೆ ನೋಡಿ. ಕೈಕುಲುಕುವಾಗ ಸರ್ಟಿಫಿಕೇಟ್ ಹೊತ್ತ ಪ್ಯಾಕೆಟ್ ದೊಡ್ಡದು. ಬ್ರಾಡ್‌ಬ್ಯಾಂಡಿನ ಪಿಪಿಪಿಒಇ ಸಂಪರ್ಕ ವಿಧಾನವು ಪ್ಯಾಕೆಟ್ಟಿನ 1500 ಬೈಟಿನ ಮಿತಿಯನ್ನು 1492ಕ್ಕೆ ಇಳಿಸುತ್ತದೆ, ವಿಪಿಎನ್ ಇನ್ನೂ ಇಳಿಸುತ್ತದೆ. ಸಣ್ಣ ಪ್ಯಾಕೆಟ್ ದಾಟಿ, ದೊಡ್ಡದು ಸದ್ದಿಲ್ಲದೆ ಬೀಳುತ್ತದೆ. ವಿಪಿಎನ್‌ನ ಎಂಟಿಯು (ಪ್ಯಾಕೆಟ್ಟಿನ ಗರಿಷ್ಠ ಗಾತ್ರ) 1400ಕ್ಕೆ ಇಳಿಸಿ ಪರೀಕ್ಷಿಸಿ.

ಎಲ್ಲ ಆದ ಮೇಲೆ ಮೂರು ಯಂತ್ರಗಳಲ್ಲೂ, ಡೈರೆಕ್ಟರ್ ಮತ್ತು ಸ್ಟೋರೇಜಿನಲ್ಲೂ 'ರಿಕ್ವೈರ್' ಹಾಕಿ, ಒಂದೊಂದು ಜಾಬ್ ಓಡಿಸಿ, ಒಂದೊಂದು ಕಡತವನ್ನು ಬೇರೆ ಜಾಗಕ್ಕೆ ಮರಳಿ ತಂದು ತೆರೆದು ನೋಡಿ. ಲೆಕ್ಕಪತ್ರದ ಯಂತ್ರದಲ್ಲಿ ಟಿಸಿಪಿಡಂಪ್ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ಆ ಕಡತದ ಹೆಸರು ಈ ಸಲ ಸಿಗಬಾರದು. ಹೊಸ ಸರ್ಟಿಫಿಕೇಟಿನ ಅಂತ್ಯದ ದಿನವನ್ನು ನೋಡಿ. ಕಾಪಿ ಮಾಡಿದ ಆಜ್ಞೆಯಲ್ಲಿ 365 ದಿನ ಎಂದಿರುತ್ತದೆ, ಏನೂ ಬರೆಯದೆ ಸ್ವಯಂಸಹಿ ಮಾಡಿದರೆ ಓಪನ್‌ಎಸ್‌ಎಸ್‌ಎಲ್ ಕೊಡುವುದು ಬರೀ 30 ದಿನ. ಆ ದಿನಕ್ಕಿಂತ ಒಂದು ತಿಂಗಳು ಮುಂಚಿನ ತಾರೀಖನ್ನು ನಿಮ್ಮ ಮೊಬೈಲಿನಲ್ಲೂ, ನಿಮ್ಮ ಕೋಣೆಯ ಗೋಡೆ ಕ್ಯಾಲೆಂಡರಿನಲ್ಲೂ ಗುರುತು ಹಾಕಿಡಿ. ಮದ್ದೂರಿನ ರಿಪೋರ್ಟಿನ ತಾರೀಖು ಸರಿಯಾಗಿ ಮುದ್ರಣವಾಯಿತೇ ಎಂದು ಅಲ್ಲಿನವರನ್ನು ಒಮ್ಮೆ ಕೇಳಿ ತಿಳಿಸಿ.